ಬೇಗ ಸಾಯದ ಆಲ್ವಿನ್

ಕ್ಯಾಲಿಫೋರ್ನಿಯಾದಲ್ಲಿ ಮೂಕಿ ಚಿತ್ರ ತೆಗೆಯುವವರಿಗೆ ಸಾಯುವ ದರೋಡೆಕೋರ ಬೇಕೆಂದರೆ ಆಲ್ವಿನ್ ಪ್ರೂಯಿಟ್‌ನೇ ಆಗಬೇಕು. ದನ ಕಾಯುವ ಕೆಲಸ ಹೋದ ಮೇಲೆ ಅವನು ಹಿಡಿದ ಕಸುಬು ಅದೊಂದೇ, ಕುದುರೆಯಿಂದ ಬಿದ್ದು ಸಾಯುವುದು. ಬೆಳಿಗ್ಗೆ ಗಡ್ಡ ಅಂಟಿಸಿಕೊಂಡು ಓಡುತ್ತಾನೆ; ಮಧ್ಯಾಹ್ನ ಗಡ್ಡ ಕಿತ್ತು, ಷೆರೀಫನ ಪಡೆ ಸೇರಿ, ತನ್ನನ್ನು ತಾನೇ ಅಟ್ಟಿಸಿಕೊಂಡು ಹೋಗುತ್ತಾನೆ. ಬೀಳುವ ಮುನ್ನ ಕುದುರೆಗೆ, "ನೀನು ಓಡ್ತಾ ಇರು ತಾಯಿ, ನಾನಿಲ್ಲೇ ಇಳ್ಕೋತೀನಿ" ಎಂದು ಹೇಳದೆ ಬೀಳುವವನಲ್ಲ. ಬಿದ್ದ ಮೇಲೆ ಬೇಗ ಸಾಯುವವನೂ ಅಲ್ಲ. ಆರು ಗುಂಡು ತಗಲಿದ್ದರೂ ಕ್ಯಾಮೆರಾದ ಕಡೆ ಮುಖ ಮಾಡಿ ತುಟಿಯಾಡಿಸುತ್ತಲೇ ಇರುತ್ತಾನೆ. "ಬೇಗ ಸಾಯೋ ಮಾರಾಯ, ಬಿಸಿಲು ಹೋಗ್ತಾ ಇದೆ" ಎಂದು ನಿರ್ದೇಶಕ ಗದರಿದರೆ, "ಇನ್ನೊಂದೇ ಮಾತು ಯಜಮಾನ್ರೇ" ಎನ್ನುತ್ತಾನೆ. ಅದೇನು ಮಾತೆಂದು ಯಾರೂ ಕೇಳುವುದಿಲ್ಲ. ಪರದೆಯ ಮೇಲೆ ಹೇಗೂ "ಷೆರೀಫ್, ನಿನ್ನ ವಂಶ ಹಾಳಾಗಲಿ" ಎಂಬ ಬರಹ ಬರುತ್ತದೆ. ಆದರೆ ದೂರದ ನೆಬ್ರಾಸ್ಕಾದಲ್ಲಿ, ಹುಟ್ಟಿನಿಂದ ಕಿವಿ ಕೇಳದ, ಕಾಗದ ಓದಲು ಬಾರದ ಅವನ ತಂಗಿ ಹೆಸ್ಟರ್ ಚಿತ್ರಮಂದಿರದ ಮೊದಲ ಬೆಂಚಿನಲ್ಲಿ ಕೂತಿರುತ್ತಾಳೆ. ಅವಳು ತುಟಿ ನೋಡಿಯೇ ಮಾತು ತಿಳಿಯುವವಳು. "ಮೊಣಕಾಲು ವಾಸಿಯಾಯ್ತು ಕಣೇ. ಕೆಂಪು ಹಸು ಕರು ಹಾಕ್ತಾ?" ಎಂದು ಕೇಳಿ ಆಲ್ವಿನ್ ಕಣ್ಣು ಮುಚ್ಚಿದ ಚಿತ್ರ ಆ ಊರು ಮುಟ್ಟಲು ಆರು ತಿಂಗಳು ಹಿಡಿಯಿತು, ಅಷ್ಟರಲ್ಲಿ ಕರುಗಳಿಗೆ ಕೊಂಬೇ ಮೂಡಿತ್ತು. ದರೋಡೆಕೋರ ಸತ್ತನೆಂದು ಜನರೆಲ್ಲ ಚಪ್ಪಾಳೆ ತಟ್ಟುವಾಗ ಹೆಸ್ಟರ್ ಮಾತ್ರ ಎದ್ದು ನಿಂತು, ಸತ್ತ ಅಣ್ಣನಿಗೆ ಕಾಣುವ ಹಾಗೆ ಎರಡು ಬೆರಳು ಎತ್ತಿ ತೋರಿಸಿದಳು.