ಸಾರಿಸಿದ ಅಂಗಳ

ಇಂದು ಬೆಳಿಗ್ಗೆ ಅವ್ವ ಅಂಗಳ ಸಾರಿಸಿ ಒಳಗೆ ಬಂದಳು. ಹಸಿ ಸೆಗಣಿಯ ವಾಸನೆ ಅವಳ ಹಿಂದೆಯೇ ಬಂತು. ಅದರ ಹಿಂದೆ, ಐದು ವರ್ಷದ ಕೆಳಗೆ ಲಿಂಗಸುಗೂರಿನ ಈ ಓಣಿಯಲ್ಲಿ ನಮ್ಮ ಪಕ್ಕದ ಮನೆ ಹಿಡಿದಿದ್ದ ಅಕ್ಕೋರ ನೆನಪು...

ಹೆಣ್ಣುಮಕ್ಕಳ ಸಾಲೆಗೆ ಬದಲಿಯಾಗಿ ಬಂದ ಶಿಕ್ಷಕಿ. ಒಬ್ಬರೇ ಇದ್ದರು. ಗಂಡನಿಲ್ಲದವರು ಎಂಬುದನ್ನು ಓಣಿ ಅವರ ಹೆಸರಿಗಿಂತ ಮೊದಲು ತಿಳಿದುಕೊಂಡಿತ್ತು. ಸಾಲೆಯಿಂದ ಬರುವಾಗ ಒಂದು ಸೈಕಲ್ಲು ಅವರು ನಿಂತರೆ ನಿಲ್ಲುತ್ತಿತ್ತಂತೆ, ನಡೆದರೆ ಹೊರಡುತ್ತಿತ್ತಂತೆ. ಬೆಳಿಗ್ಗೆ ಎದ್ದರೆ ಕಿಟಕಿಯ ಕೆಳಗಿನ ಧೂಳಿನಲ್ಲಿ ಚಪ್ಪಲಿಯ ಗುರುತು.

"ಠಾಣೆಕ್ಕ ನನ್ನ ಕೂಡ ಬಾ. ನೀ ಸಾಲ್ಯಾಗ ವಾದ ಮಾಡಿ ಗೆದ್ದಾಂವ. ನಾ ಹೇಳಿದ್ರ ನಗ್ತಾರ" ಅಂದರು ಅಕ್ಕೋರು. ನನಗೂ ಸೊಕ್ಕಿತ್ತು, ಹೋದೆ.

ಜಮಾದಾರ ಅರ್ಜಿ ಓದಿದ. "ಶಕ್ ಯಾರ ಮ್ಯಾಲ ಐತ್ರೀ?"

"ಮುಖ ಕಂಡಿಲ್ರೀ."

"ಹೆಜ್ಜಿ ಗುರ್ತರ ತೋರಸ್ತೀರೇನು?"

"ಅಂಗಳ ಸಾರಿಸಿಬಿಟ್ಟೀನ್ರೀ" ಅಂದರು ಅಕ್ಕೋರು. ಆಗ ಅವರ ಪರವಾಗಿ ಹೋದ ನಾನೇ ಕೇಳಿದೆ: "ಅಲ್ರೀ ಅಕ್ಕೋರ, ಕಣ್ಣಿಲೆ ಕಂಡ ಮ್ಯಾಲ ಗುಡಿಸಿ ಸಾರಿಸಿದ್ಯಾಕ್ರೀ?"

"ಬೆಳಕಾದ ಮ್ಯಾಲೂ ಸಾರಿಸದ ಬಿಟ್ರ, ಮನಿಯಾಗ ಯಾರೋ ಸತ್ತಾರ ಅಂತಾರಪ್ಪ."

ಜಮಾದಾರ ನಕ್ಕ. "ಗುರ್ತು ಅಳಿಸಿದವ್ರು ನೀವ. ಮೊದಲ ನಿಮ್ಮನ್ನ ಹಿಡೀಬೇಕಾಗ್ತದ ನೋಡ್ರಿ! ಸಬೂತು, ಪುರಾವಿ ತೊಗೊಂಡು ಬರ್ರಿ."

ನಾನೂ ನಕ್ಕೆ...

ಮರುದಿನದಿಂದ ಅವರು ಅಂಗಳ ಸಾರಿಸುವುದನ್ನು ಬಿಟ್ಟರು. ನೀರಿಗೆ ಹೋಗುವ ಹೆಂಗಸರು ನಿಂತು ನೋಡಿ, ಪಿಸುಗುಟ್ಟಿ ಹೋದರು. ಎರಡು ದಿನ ಏನೂ ಕಾಣಲಿಲ್ಲ. ಮೂರನೆಯ ಬೆಳಿಗ್ಗೆ ಅಕ್ಕೋರು ನಮ್ಮ ಹಿತ್ತಲ ಬಾಗಿಲಿಗೆ ಬಂದು, "ಲಗೂನ ಬಾ, ಇವತ್ತ ಹೆಜ್ಜಿ ಬಿದ್ದಾವ" ಅಂದರು. ಓದುತ್ತಿದ್ದ ಪುಟ ಮುಗಿಸಿ ಬರುತ್ತೇನೆಂದೆ. ಅವರು ಕಾದು ನಿಂತರು.

ಸುತ್ತು ಹಾಕಿ ಹೋದಾಗ ಅವರ ಕಿಟಕಿಯ ಕೆಳಗೆ ನಮ್ಮ ಅವ್ವ, ಕೈಯಲ್ಲಿ ಬಕೀಟು. "ಮೈಯಾಗ ಆರಾಮಿಲ್ಲೇನೋ ಅಂತ ನಾನ ಸಾರಿಸಿದೆ ನೋಡವಾ. ಮೂರ ದಿನ ಆತು, ಮಂದಿ ಏನರ ಅಂದಾರು."

ನೆಲ ನುಣ್ಣಗೆ, ಹಸಿಯಾಗಿತ್ತು.

"ಚಲೋ ಮಾಡಿದ್ರಿ, ಯವ್ವಾ" ಅಂದರು ಅಕ್ಕೋರು. ನನ್ನ ಕಡೆ ನೋಡಲಿಲ್ಲ. ತಿಂಗಳೊಳಗೆ ಬದಲಿ ಕೇಳಿಕೊಂಡು ಸಿಂಧನೂರಿನ ಕಡೆ ಹೋದರು. ಮತ್ತೆ ಸುದ್ದಿಯಿಲ್ಲ.

ಆ ಸೈಕಲ್ಲಿನವನು ಇದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಪುರಾವೆಯಿಲ್ಲದ್ದನ್ನು ನಂಬಬಾರದು ಎಂದು ಈಗಲೂ ವಾದಿಸುತ್ತೇನೆ. ಆದರೆ ಅವನು ಇರಲಿಲ್ಲ ಎಂದು ನಗಲಿಕ್ಕೆ ನನ್ನ ಬಳಿ ಯಾವ ಪುರಾವೆಯಿತ್ತು? ಅದನ್ನು ಜಮಾದಾರ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಆ ಪುಟದಲ್ಲಿ ಏನಿತ್ತೆಂಬುದು ನೆನಪಿಲ್ಲ. ಹಿತ್ತಲ ಬಾಗಿಲಲ್ಲಿ ಅವರು ಕಾದು ನಿಂತದ್ದು ಮಾತ್ರ...

ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಆ ಕಿಟಕಿಯ ಕೆಳಗೂ ಇಂದು ಸಾರಿಸಿದ್ದಾರೆ. ನಾನು ಹೊರಡಬೇಕಿದ್ದ ರಾಯಚೂರಿನ ಬಸ್ಸಿಗೆ ಹೊತ್ತಾಗಿತ್ತು. ಆದರೂ ನೆಲ ಒಣಗುವವರೆಗೆ, ಹಸಿಯ ಮೇಲೆ ಹೆಜ್ಜೆಯಿಡದೆ, ಹೊಸ್ತಿಲಲ್ಲೇ ನಿಂತೆ.