ತಪ್ಪಿದವನೇ ಕ್ಯಾಪ್ಟನ್

ಮೊನ್ನೆ ಮಸ್ಕತ್ತಿನ ಮಬೇಲಾದ ಮನೆಯಲ್ಲಿ ಮೊಮ್ಮಗನ ಉಳುಕಿದ ಕಾಲಿಗೆ ನೋವಿನ ಮುಲಾಮು ತಿಕ್ಕುತ್ತಿದ್ದೆ. ಆ ಘಾಟು ಮೂಗಿಗೆ ಹೊಡೆದದ್ದೇ ತಡ, ಹಮ್ರಿಯಾದ ನಮ್ಮ ಹಳೆಯ ಫ್ಲ್ಯಾಟು, ಎಂಬತ್ತರ ದಶಕದ ಶುಕ್ರವಾರಗಳು, ಕೋಚ್ ಮಾಮ... ಎಲ್ಲ ನೆನಪಾದವು.

ಮಂಗಳೂರಿನ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಫುಟ್‌ಬಾಲ್ ಕಲಿಸಿದವರು ಅವರು. ಅವರ ಶಿಷ್ಯರು ಒಬ್ಬೊಬ್ಬರಾಗಿ ಮಸ್ಕತ್ತಿಗೆ ಬಂದು ಕೆಲಸಕ್ಕೆ ಸೇರಿದರು. ಅಷ್ಟಕ್ಕೇ ಬಿಟ್ಟರೇ? ವೀಸಾಕ್ಕೆ ಜಾಮೀನು ನಿಲ್ಲುವ ಅರಬ ಕಫೀಲನ ಕೈಕಾಲು ಹಿಡಿದು ವೀಸಾ ಮಾಡಿಸಿ ಗುರುವನ್ನೂ ಕರೆಸಿಕೊಂಡರು! ವಾರವೆಲ್ಲ ಅವರಿಗೆ ಕಂಪನಿಯ ಸ್ಟೋರಿನಲ್ಲಿ ಕೆಲಸ; ಶುಕ್ರವಾರ ಬೆಳಿಗ್ಗೆ ವಾದಿ ಎನ್ನುವ ಒಣಗಿದ ಹೊಳೆಪಾತ್ರದ ಜಲ್ಲಿ ನೆಲದಲ್ಲಿ ಫುಟ್‌ಬಾಲ್. ನಮ್ಮವರು ಅಲ್ಲಿ ಗೋಲ್‌ಕೀಪರ್. ಇರುವುದೊಂದು ರಜೆ, ಅದನ್ನೂ ಈ ಮುದುಕ ಕಸಿದುಕೊಂಡನಲ್ಲ ಎಂದು ನಾನು ಶಪಿಸದ ವಾರವಿಲ್ಲ.

ಕೋಚ್ ಮಾಮನದೊಂದು ವಿಚಿತ್ರ ಕ್ರಮವಿತ್ತು. ಈ ವಾರ ಯಾರ ತಪ್ಪಿನಿಂದ ಸೋತರೋ, ಮುಂದಿನ ವಾರ ಅವನೇ ಕ್ಯಾಪ್ಟನ್. ಕಾಲೇಜಿನಲ್ಲಿಯೂ ಹಾಗೇ ಮಾಡುತ್ತಿದ್ದರಂತೆ.

ಒಂದು ಟೂರ್ನಮೆಂಟಿನ ಫೈನಲ್‌ನಲ್ಲಿ, ಇನ್ನೇನು ಆಟ ಮುಗಿಯಿತು ಎನ್ನುವಾಗ, ಮೆಲ್ಲಗೆ ಉರುಳಿ ಬಂದ ಚೆಂಡು ನಮ್ಮವರ ಕೈಗೆ ಸಿಕ್ಕಿಯೂ ಜಾರಿ ಒಳಗೆ ಹೋಯಿತು. ಕಪ್ಪೂ ಹೋಯಿತು. ಮತ್ರಾದ ಅಂಗಡಿಗಳವರೆಗೆ ಅದೇ ಸುದ್ದಿ: "ಗೇಟು ತೆರೆದಿಟ್ಟ ವಾಚ್‌ಮನ್!" ನಮ್ಮವರು ಊಟ ಬಿಟ್ಟರು, ಇಗರ್ಜಿಗೂ ಬರಲಿಲ್ಲ. "ಖಲಾಸ್, ಕೆಲಸ ಬಿಟ್ಟು ಊರಿಗೆ ಹೋಗುವ" ಎಂದರು. ನನಗೆ ಹೆದರಿಕೆ ಹತ್ತಿತು. ಶುಕ್ರವಾರವೇನೋ ವಾಪಸು ಸಿಕ್ಕಿತ್ತು, ಗಂಡ ಸಿಕ್ಕಿರಲಿಲ್ಲ.

ಗುರುವಾರ ಸಂಜೆ ಕೋಚ್ ಮಾಮ ಬಂದರು, ಕೈಯಲ್ಲಿ ಕ್ಯಾಪ್ಟನ್ ತೋಳಿಗೆ ಕಟ್ಟುವ ಪಟ್ಟಿ. ನನಗೆ ಮೈಯೆಲ್ಲ ಉರಿಯಿತು.

"ಊರಿಡೀ ನಗಾಡಿ ಆಯ್ತು, ಇನ್ನು ನಿಮ್ಮದೊಂದು ಮೆರವಣಿಗೆ ಬಾಕಿಯಾ ಮಾಮ?" ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ.

"ಚಾ ಉಂಟಾ ಬಾಯೆ?" ಎನ್ನುತ್ತ ಒಳಗೆ ಬಂದು ಕುಳಿತೇ ಬಿಟ್ಟರು! ಚಾ ಕುಡಿದು ಮುಗಿಸಿ ನಮ್ಮವರಿಗೆ ಹೇಳಿದರು: "ನೀನು ಬಾರದಿದ್ರೆ ನಾಳೆ ಟೀಮು ಆಡುದಿಲ್ಲ ಮಾರಾಯ. ಬಿಸಿಲಲ್ಲಿ ಎಲ್ಲರೂ ಕಾಯ್ತೇವೆ, ನಾನೂ ಕಾಯ್ತೇನೆ. ಮತ್ತೆ ನಿನ್ನಿಷ್ಟ."

ಪಟ್ಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ನಮ್ಮವರು ಗೋಡೆ ಕಡೆ ಮುಖ ಮಾಡಿ ಮಲಗಿದರು. ಬೆಳಿಗ್ಗೆಯೂ ಹಾಗೇ ಮಲಗಿದ್ದರು. ಕೊನೆಗೆ ನಾನೇ, ಅಷ್ಟು ಶಾಪ ಹಾಕಿದ ನಾನೇ, ಬೂಟು ತಂದು ಮುಂದಿಟ್ಟೆ. "ಹೋಗಿ ಮಾರಾಯ್ರೇ, ಆ ಮುದುಕರು ಬಿಸಿಲಲ್ಲಿ ನಿಂತಿರ್ತಾರೆ."

ಹೋದರು. ಅವತ್ತೂ ಸೋತೇ ಬಂದರು. ಆದರೆ ಹಸಿದು ಬಂದರು. ಮೀನು ಸಾರಿಗೆ ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡರು. ಆ ದಿನದ ಸಮಾಧಾನ ನನಗೆ ಈಗಲೂ ನೆನಪಿದೆ. ಊರಿಗೆ ಹೋಗುವ ಮಾತು ಮತ್ತೆ ಬರಲಿಲ್ಲ.

ತೊಂಬತ್ತರ ದಶಕದಲ್ಲಿ ಕೋಚ್ ಮಾಮ ಊರಿಗೆ ಮರಳಿದರು, ತುಂಬು ವಯಸ್ಸಿನಲ್ಲಿ ತೀರಿಕೊಂಡರು. ಸುದ್ದಿ ತಿಳಿದು, ಇಲ್ಲಿ ಉಳಿದವರೆಲ್ಲ ಪ್ರಾರ್ಥನೆಗೆ ಸೇರಿದೆವು. ಹೊಸದಾಗಿ ಬಂದಿದ್ದ ಪಾದ್ರಿಗಳು, "ಅವರ ಟೀಮಿನ ಕ್ಯಾಪ್ಟನ್ ಯಾರು? ಎರಡು ಮಾತು ಹೇಳಲಿ" ಎಂದರು. ತಲೆ ನರೆತ ಗಂಡಸರೆಲ್ಲ ಎದ್ದು ನಿಂತರು! ಪಾದ್ರಿಗಳಿಗೆ ಗಲಿಬಿಲಿ, ನನಗೆ ನಗುವೂ ಬಂತು, ಅಳುವೂ ಬಂತು.

ಎಲ್ಲರಿಗಿಂತ ಮೊದಲು ಎದ್ದವರು ನಮ್ಮವರು. ನೋಡಲು ಮಾಮನೇ ಇರಲಿಲ್ಲ...