ಅಕ್ಕತಂಗಿಯರ ಎರಡು ಕೊಳವೆ

ನನ್ನ ಸೋದರಸೊಸೆಯರಲ್ಲಿ ದೊಡ್ಡವಳು ಊರಲ್ಲಿ ಯಾರ ಮೇಲೂ ಹೊಟ್ಟೆಕಿಚ್ಚು ಪಟ್ಟವಳಲ್ಲ, ಒಡಹುಟ್ಟಿದ ತಂಗಿಯೊಬ್ಬಳನ್ನು ಬಿಟ್ಟು. ಅದೂ ತಂಗಿಯ ಚೆಲುವಿಗಲ್ಲ, ಒಡವೆಗಲ್ಲ. ಅವಳ ಕಾಯಿಲೆಗೆ.

ಚಿಕ್ಕವಳಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಸಂಧಿವಾತ ಹಿಡಿಯಿತು. ಮುದುಕರಿಗೆ ಬರುವ ಮಂಡಿ ಸವೆತವಲ್ಲ ಅದು. ನಾನು ತಿಳಿದ ಮಟ್ಟಿಗೆ ಹೇಳುತ್ತೇನೆ, ತಪ್ಪಿರದು: ರಕ್ತದಲ್ಲಿ ಕಾವಲಿಗಿರುವ ಬಿಳಿ ಕಣಗಳು ಹುಚ್ಚು ಹಿಡಿದ ನಾಯಿಗಳಂತೆ ಮನೆಯವರ ಮೇಲೇ ಬೀಳುತ್ತವೆ. ಕೀಲುಗಳು ಊದಿ, ಕೆಂಪೇರಿ, ಉರಿಯುತ್ತವೆ. ಬೆಳಿಗ್ಗೆ ಎದ್ದರೆ ಬಾಚಣಿಗೆ ಹಿಡಿಯಲು ಆ ಮಗುವಿನ ಬೆರಳು ಮಡಚುತ್ತಿರಲಿಲ್ಲ. ತಾಯಿ ಅವಳ ಕೈಗಳನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಜಡೆ ಹೆಣೆಯುವಳು. ದೊಡ್ಡವಳು ತನ್ನ ಜಡೆ ತಾನೇ ಹೆಣೆದುಕೊಂಡು ಬಾಗಿಲಲ್ಲಿ ನಿಂತು ನೋಡುವಳು.

"ನಿನಗೇನೇ ಧಾಡಿ, ಗುಂಡುಕಲ್ಲಿನ ಹಾಗಿದ್ದೀಯ" ಎಂದು ತಾಯಿ ಹೇಳುತ್ತಿದ್ದುದು ಹೊಗಳಿಕೆಗೇ. ಆದರೆ ಗುಂಡುಕಲ್ಲಿಗೆ ಯಾರು ತಲೆ ಬಾಚುತ್ತಾರೆ?

ಓದು ಮುಗಿಸಿ ದೊಡ್ಡವಳು ಸೇರಿದ್ದು ಅದೇ ಕಾಯಿಲೆಯ ಸಂಶೋಧನಾಲಯಕ್ಕೆ. ತಂಗಿಯ ಮೇಲಿನ ಮಮತೆ ಎಂದರು ನೆಂಟರು. ಇರಬಹುದು. ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸುವುದು ಅವಳ ಕೆಲಸ. ಆ ಕಣದೊಳಗೆ ಯಾವ ಅಣು ಯಾವುದಕ್ಕೆ ಸುದ್ದಿ ಮುಟ್ಟಿಸಿ ಉರಿ ಎಬ್ಬಿಸುತ್ತದೆ ಎಂದು ಹುಡುಕುವುದು ಅಲ್ಲಿನ ಮುಖ್ಯಸ್ಥೆ ಮೇಡಂ ಕೆಲಸ. ಕಣಗಳದು ಮಹಾ ಸಿಡುಕು ಜಾತಿ. ರಕ್ತ ತುಂಬಿದ ಕೊಳವೆಯನ್ನು ಒರಟಾಗಿ ಅಲುಗಿಸಿದರೆ ಆರೋಗ್ಯವಂತರ ಕಣಗಳೂ ರೇಗಿ ನಿಲ್ಲುತ್ತವೆ. ಹಾಗಾಗಿ ಎಲ್ಲರೂ ದೊಡ್ಡವಳ ಹಗುರವಾದ ಕೈಯನ್ನೇ ನೆಚ್ಚಿದ್ದರು.

ಅಲ್ಲಿಗೂ ಬಂದಳು ತಂಗಿ, ರಕ್ತ ಕೊಡಲು. ಅವಳ ಕಣಗಳು ಯಾವ ಔಷಧಿಗೂ ಬಗ್ಗುವುದಿಲ್ಲವೆಂದು ಗೊತ್ತಾದದ್ದೇ ತಡ, ಅವಳಿಗೆ ಮೆತ್ತನೆ ಕುರ್ಚಿ, ಹಣ್ಣಿನ ರಸ, ಬಾಗಿಲವರೆಗೂ ಮೇಡಂ ಜೊತೆ.

"ಏನಕ್ಕ, ಇಷ್ಟು ವರ್ಷ ದುಡಿದ್ರೂ ನಿನಗೊಂದು ಮೆತ್ತನೆ ಕುರ್ಚಿ ಕೊಟ್ಟಿಲ್ವಾ?"

"ಕೂರೋಕೆ ಪುರುಸೊತ್ತು ಎಲ್ಲಿದೆ ಮಹಾರಾಣಿ, ನಿನ್ನ ರಕ್ತ ಸೋಸೋದೇ ಆಯ್ತು."

ಒಂದು ದಿನ ಮೇಡಂ ಕೇಳಿದರು. "ನಿನ್ನ ತಂಗಿ ಕಣದ ಪಕ್ಕದಲ್ಲಿಟ್ಟು ನೋಡೋಕೆ ಕಾಯಿಲೆ ಇಲ್ಲದ ಒಡಹುಟ್ಟಿದವರ ರಕ್ತ ಬೇಕು. ಕೊಡ್ತೀಯೇನಮ್ಮ?"

ಕೊನೆಗೂ ತಾನು ಬೇಕಾದಳು! ಮನೆಗೆ ಓಡಿ ಬಂದು ತಾಯಿಗೆ ಹೇಳಿದಳು. ತಾಯಿ ಬಟ್ಟೆ ಮಡಚುತ್ತಲೇ, "ಅವಳಿಗೋಸ್ಕರ ತಾನೇ? ಕೊಡು" ಎಂದಳು.

ಅದೇ ಮಾತು ಎದೆಯಲ್ಲಿ ಮುಳ್ಳಾಗಿ ನಿಂತಿತು. ಇಬ್ಬರ ರಕ್ತವನ್ನೂ ತೆಗೆದು ಸೋಸಲು ಅವಳ ಮುಂದಿಟ್ಟ ಕೊಳವೆಗಳ ಮೇಲೆ ಹೆಸರಿರಲಿಲ್ಲ, ಅಂಕಿ ಮಾತ್ರ. ಯಾರದು ಯಾವುದೆಂದು ಸೋಸುವವರಿಗೆ ತಿಳಿಯಬಾರದೆಂಬುದು ಅಲ್ಲಿನ ಕಟ್ಟಳೆ. ಆದರೆ ಉರಿ ಇರುವವರ ರಕ್ತವನ್ನು ಸುಮ್ಮನೆ ನಿಲ್ಲಿಸಿಟ್ಟರೆ ಕೆಂಪು ಬೇಗ ತಳಕ್ಕಿಳಿದು ಮೇಲೆ ಹಳದಿ ತಿಳಿ ನಿಲ್ಲುತ್ತದೆ. ಒಮ್ಮೆ ಕಣ್ಣು ಹಾಯಿಸಿದಳು, ಗುರುತು ಸಿಕ್ಕಿತು. ತನ್ನದನ್ನು ಹಸುಗೂಸಿನಂತೆ ಎತ್ತಿದಳು. ತಂಗಿಯದನ್ನು ಕೆಡಿಸಬೇಕೆಂದೇನೂ ಇರಲಿಲ್ಲ. ಹುಟ್ಟಿದಾಗಿನಿಂದ ಮುದ್ದು ಮಾಡಿಸಿಕೊಂಡವಳಿಗೆ ಇನ್ನೆಷ್ಟು ಮುದ್ದು ಎಂದುಕೊಂಡು, ಪಾತ್ರೆ ತೊಳೆಯುವ ಕೈಯಲ್ಲಿ ಅಲುಗಿಸಿಬಿಟ್ಟಳು.

ತಂಗಿಯ ಕಣಗಳು ಭುಗಿಲೆದ್ದಿದ್ದವು. ಅಕ್ಕನವು ತಣ್ಣಗಿದ್ದವು. "ಇಷ್ಟು ಶಾಂತವಾದ ಕಣ ನಾನು ನೋಡೇ ಇಲ್ಲಮ್ಮ" ಎಂದು ಮೇಡಂ ಹಿಗ್ಗಿ, ಅವಳನ್ನು ಮೆತ್ತನೆ ಕುರ್ಚಿಯಲ್ಲಿ ಕೂರಿಸಿ ರಸ ಕೊಟ್ಟರು. ಆಮೇಲೆ ಅವಳ ಕಾಲು ನೆಲದ ಮೇಲಿರಲಿಲ್ಲ.

"ಮುಂದಿನ ಕೆಲಸವೆಲ್ಲ ಇದರ ಮೇಲೇ ನಿಲ್ಲಬೇಕು. ಇನ್ನೊಂದು ಸಲ ನೋಡೋಣ, ಈ ಸಲ ಬೇರೆಯವರು ಸೋಸಲಿ" ಎಂದರು ಮೇಡಂ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ದೊಡ್ಡವಳು, "ಯಾಕೆ, ನನ್ನ ಕೈ ಮೇಲೆ ನಂಬಿಕೆ ಇಲ್ವಾ?" ಎಂದಳು.

"ಯಾರ ಕೈಲಿ ಮಾಡಿದ್ರೂ ಉತ್ತರ ಒಂದೇ ಬರಬೇಕಲ್ಲಮ್ಮ."

ಬರಲಿಲ್ಲ. ತಂಗಿಯ ಕಣಗಳ ಉರಿ ಅರ್ಧಕ್ಕಿಳಿದಿತ್ತು. ಮೇಡಂ ಬೈಯಲಿಲ್ಲ. "ಅವತ್ತು ಇಬ್ಬರದ್ದನ್ನೂ ಒಂದೇ ತರ ನೋಡ್ಕೊಂಡಿದ್ಯಾ?" ಎಂದಷ್ಟೇ ಕೇಳಿದರು.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ತಾಯಿಯನ್ನು ಜನ್ಮವೆಲ್ಲ ಒಳಗೊಳಗೇ ದೂರಿದವಳು ದೊಡ್ಡವಳು. ಸುಳ್ಳಾಡಲು ನಾಲಿಗೆ ಏಳಲಿಲ್ಲ. "ಇಲ್ಲ ಮೇಡಂ. ಯಾವುದು ಅವಳದ್ದು ಅಂತ ಗೊತ್ತಾಗಿತ್ತು."

ಹಳೆಯ ಫಲಿತಾಂಶ ಕಸಕ್ಕೆ ಹೋಯಿತು. ತಂಗಿಯ ರಕ್ತ ತೆಗೆಯುವ ದಿನ ದೊಡ್ಡವಳು ಸೋಸುವಂತಿಲ್ಲ, ಪಕ್ಕದಲ್ಲಿ ಕೂತು ತಾನೂ ರಕ್ತ ಕೊಟ್ಟರೆ ಸಾಕು ಎಂದಾಯಿತು. ಯಾಕೆಂದು ತಂಗಿ ಕೇಳಿದಾಗ ಮುಚ್ಚಿಡದೆ ಹೇಳಿದಳು.

"ನೀನು ನಿನ್ನ ಜಡೆ ನೀನೇ ಹೆಣ್ಕೊಳ್ತಿದ್ಯಲ್ಲ, ಅದನ್ನ ನೋಡಿ ನನಗೆಷ್ಟು ಹೊಟ್ಟೆ ಉರೀತಿತ್ತು ಗೊತ್ತಾ?" ಎಂದಳು ತಂಗಿ.

"ಆವಾಗಲೇ ಹೇಳಬಾರದಿತ್ತೇನೇ?"

"ಹೇಳಿದ್ರೆ ನೀನು ಬೀಗ್ತಿದ್ದೆ."

ಈಗಲೂ ರಸದ ಬಾಟಲಿ ಮೊದಲು ಯಾರ ಕೈಗೆ ಬರುತ್ತದೆ ಎಂದು ದೊಡ್ಡವಳ ಕಣ್ಣು ಕಾಯುತ್ತದೆ. ಬರುವುದು ತಂಗಿಯ ಕೈಗೇ. ಆ ಬೆರಳುಗಳಿಗೆ ಮುಚ್ಚಳ ತಿರುಗದು. ದೊಡ್ಡವಳು ಮುಖ ಗಂಟು ಹಾಕಿಕೊಂಡೇ ಅದನ್ನು ಕಸಿದು ತೆರೆದುಕೊಟ್ಟು, ತನ್ನದಕ್ಕೆ ಕೈ ಚಾಚುತ್ತಾಳೆ.